ಅತ್ತೆ ಡಿಕ್ಕಿಯಲ್ಲಿ ಕೂತು ಆರಿಸಿದ ಕಾರು

ಡಿಕ್ಕಿ ಹೊಕ್ಕು ಹೊರಬಂದ ಅತ್ತೆಯವರ ಪಾದಗಳಿಗೆ, ಅದಕ್ಕಿಂತ ಹೆಚ್ಚಾಗಿ ಅವರ ಎರಡೂ ಮಂಡಿಗಳಿಗೆ, ಅಳಿಯನ ನಮಸ್ಕಾರಗಳು.

ಇಲ್ಲಿ ಸಾಹೇಬ ಕ್ಷೇಮ. ಗುಮಾಸ್ತ ಅತಿಕ್ಷೇಮ. ನಿಮ್ಮ ಮಗಳೂ ಕ್ಷೇಮ. ನಾಯಿಗಳಾದ ಮೇಲೆ ತನ್ನ ಸರದಿ ಬಂದದ್ದಕ್ಕೆ ಈಗಷ್ಟೇ ನನ್ನ ಹೆಗಲ ಮೇಲಿಂದ ಇಣುಕಿ ಆಕ್ಷೇಪಣೆ ಸಲ್ಲಿಸಿ ಹೋದಳು. ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಸರಿಸಬೇಡಿ. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಊರಿನವರನ್ನೆಲ್ಲ ಗೇಲಿ ಮಾಡಿ ಬದುಕುವ ನನಗೆ, ಮನೆಯವರಿಗೆ ಥ್ಯಾಂಕ್ಸ್ ಹೇಳಬೇಕಾದಾಗ ಮಾತ್ರ ಹೀಗೆ ಸುತ್ತಿ ಬಳಸಿ ಬರಬೇಕಾಗುತ್ತದೆ.

ನೀವು ನಮ್ಮಲ್ಲಿಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಹೊರಡಿಸುತ್ತಿದ್ದ ಮೊದಲ ಆಜ್ಞೆ ನೆನಪಿದೆಯೇ? "ಮೊದಲು ಆ ಎರಡು ಕರುಗಳನ್ನ ಆಚೆ ಕಟ್ಟಿ, ಆಮೇಲೆ ಒಳಗೆ ಬರ್ತೀನಿ." ಕರು ಎಂದದ್ದು ತಪ್ಪೇನಲ್ಲ. ಸಾಹೇಬ ಎದ್ದು ನಿಂತರೆ ಊಟದ ಮೇಜಿನ ಸಮಸ್ತ ವ್ಯವಹಾರವೂ ಅವನ ಮೂಗಿನ ಮಟ್ಟಕ್ಕೆ ಬರುತ್ತಿತ್ತು. ತಮ್ಮನಾದ ಗುಮಾಸ್ತ ಅಣ್ಣ ಕೂತರೆ ಕೂರುವವನು, ಅಣ್ಣ ಬೊಗಳಿದರೆ ಕಾರಣ ಕೇಳದೆ ರುಜು ಹಾಕುವವನು. ಕೆಲವು ತಿಂಗಳು ಇಲ್ಲಿ, ಕೆಲವು ತಿಂಗಳು ನಿಮ್ಮ ಮಗನಾದ ನನ್ನ ಭಾವನ ಮನೆಯಲ್ಲಿ ಎಂದು ನೀವು ಓಡಾಡುತ್ತಿದ್ದಿರಿ. ನಿಮ್ಮ ಕಂದು ಸೂಟ್‌ಕೇಸು ಮಂಚದ ಕೆಳಗೇ ಇರುತ್ತಿತ್ತು. ಉಡುವುದನ್ನು ಅದರಿಂದಲೇ ತೆಗೆದು, ಒಗೆದದ್ದನ್ನು ಮಡಚಿ ಅದಕ್ಕೇ ಇಡುತ್ತಿದ್ದಿರಿ. ನಾವು ಅದನ್ನು ನಿಮ್ಮ ಶಿಸ್ತು ಎಂದು ಕೊಂಡಾಡಿದ್ದೂ ಉಂಟು.

ಅಷ್ಟರಲ್ಲಿ ಸಾಹೇಬನ ಸೊಂಟ ಕೈಕೊಟ್ಟಿತು. ವಾರವಾರವೂ ಊರಾಚೆಯ ಪ್ರಾಣಿಗಳ ಆಸ್ಪತ್ರೆಗೆ ಕರೆತರಲೇಬೇಕು, ತಪ್ಪಿದರೆ ಕಾಲು ಪೂರ್ತಿ ಹೋದೀತು ಎಂದರು ಡಾಕ್ಟರು. ಬಾಡಿಗೆ ಕಾರಿನವರು ಸಾಹೇಬನ ಗಾತ್ರ ನೋಡಿ ಕಿಟಕಿ ಏರಿಸಿಬಿಡುತ್ತಿದ್ದರು. "ಸಾರ್, ಇದು ಕಾರು, ಲಾರಿ ಅಲ್ಲ" ಎಂದು ಒಬ್ಬ ತಿಳಿವಳಿಕೆ ಕೊಟ್ಟೂ ಹೋದ. ಸ್ವಂತ ಕಾರು ತರೋಣವೆಂದರೆ ನಮ್ಮ ಮೆಟ್ಟಿಲಿಗೂ ಕಾಂಪೌಂಡಿಗೂ ನಡುವಿನ ಜಾಗದಲ್ಲಿ ನನ್ನ ಸ್ಕೂಟರೇ ಉಸಿರು ಬಿಗಿಹಿಡಿದು ಒಳಗೆ ಬರುತ್ತದೆ. ಹಿಡಿಸಿದರೆ ಒಂದು ಸಣ್ಣ ಕಾರು ಹಿಡಿಸೀತು. ಅದರೊಳಗೆ ಎರಡು ಕರು! ಆನೆಗೆ ಪರ್ಸು ಕೊಳ್ಳಲು ಹೊರಟಂತಾಯಿತು ನನ್ನ ಪಾಡು.

ಆಗ ಬಂದರು ಮಿಲ್ಲಿನ ಯಜಮಾನರು. ಅಂಗಳ ದೊಡ್ಡದಿದೆ, ಎರಡು ನಾಯಿಗಳನ್ನೂ ಸಾಕಲು ಕೊಡಿ ಎಂದು ಮೊದಲೇ ಹೇಳಿದ್ದರು. ಬಂದವರು ಬಗ್ಗಿ ನೋಡಿ, "ದೊಡ್ಡದು ಮುದಿಯಾಯ್ತಲ್ಲ ಸಾರ್. ಇರ್ಲಿ ಬಿಡಿ, ಎಲ್ಲೋ ಒಂದು ಮೂಲೇಲಿ ಬಿದ್ದಿರುತ್ತೆ" ಎಂದರು. ಮನೆಗೆ ಬಂದ ಅತಿಥಿಯನ್ನು ಎದ್ದು ಸ್ವಾಗತಿಸುವುದು ಸಾಹೇಬನ ಹುಟ್ಟುಗುಣ. ಮುಂಗಾಲು ಊರಿದ, ಹಿಂಗಾಲು ಬರಲಿಲ್ಲ. ಕಡೆಗೆ ಬಿದ್ದಲ್ಲಿಂದಲೇ ಬಾಲ ಆಡಿಸಿದ.

ನೀವು ಕಾಫಿ ಲೋಟ ಕೆಳಗಿಟ್ಟಿರಿ. ಯಾರನ್ನೂ ನೋಡದೆ ಕೇಳಿದಿರಿ: "ವಯಸ್ಸಾದ್ರೆ ಸಾಗಹಾಕೋದಾ ಈ ಮನೇಲಿ?"

ನಿಮ್ಮ ಮಗಳು ಕಿಟಕಿಯ ಪರದೆ ಸರಿಮಾಡಿದಳು. ಮಾತೇ ಕಸುಬಾದ ನಾನು ಯಜಮಾನರ ಬೂಟು ನೋಡುತ್ತ ಕೂತೆ. ನೀವೇ ಎದ್ದಿರಿ. "ನಡೀರಿ ಅಳಿಯಂದ್ರೇ, ಕಾರು ನೋಡ್ಕೊಂಡು ಬರೋಣ. ಇವತ್ತೇ."

ಶೋರೂಮಿನಲ್ಲಿ ನಾನು ಟೇಪು ಹಿಡಿದು ಡಿಕ್ಕಿ ಅಳೆಯುತ್ತಿದ್ದೆ. ಸಾಹೇಬನನ್ನೇ ತಂದು ಹತ್ತಿಸಿ ನೋಡೋಣವೆಂದರೆ, ಅವನನ್ನು ತರಲು ಕಾರಿಲ್ಲದ್ದಕ್ಕೇ ಅಲ್ಲವೇ ಕಾರು ನೋಡಲು ಹೋದದ್ದು! ಟೈ ಕಟ್ಟಿದ ಮಾರಾಟಗಾರ, "ಎರಡು ದೊಡ್ಡ ಸೂಟ್‌ಕೇಸು ಆರಾಮಾಗಿ ಹಿಡಿಸುತ್ತೆ ಮೇಡಂ" ಎಂದ. "ಸೂಟ್‌ಕೇಸು ಎದ್ದು ನಿಂತು ಮೈ ಕೊಡವುತ್ತೇನಪ್ಪಾ?" ಎಂದಿರಿ. ಅವನ ತರಬೇತಿಯಲ್ಲಿ ಈ ಪ್ರಶ್ನೆ ಬಂದಂತಿರಲಿಲ್ಲ.

ಆಮೇಲೆ ನಡೆದದ್ದನ್ನು ಪತ್ರಿಕೆಯಲ್ಲಿ ಬರೆದರೆ ಯಾರೂ ನಂಬಲಾರರು. ಅಳಿಯನ ಎದುರು ಗಟ್ಟಿಯಾಗಿ ಆಕಳಿಸಿಯೂ ಗೊತ್ತಿಲ್ಲದ ನೀವು ಚಪ್ಪಲಿ ಬಿಟ್ಟಿರಿ. "ನನ್ನ ಮಂಡಿಗೂ ಅವನ ಸೊಂಟಕ್ಕೂ ಒಂದೇ ವಯಸ್ಸು. ನಾನು ಹತ್ತಿದ್ರೆ ಅವನೂ ಹತ್ತಾನೆ. ಹಿಡೀರಿ ಕನ್ನಡಕ" ಎಂದು ಡಿಕ್ಕಿಗೆ ಕೈಯೂರಿಬಿಟ್ಟಿರಿ. ಮೊದಲ ಕಾರಿನ ಅಂಚು ಎತ್ತರವಾಯಿತು: "ಇದು ಗೋಡೆ ಹಾರೋರಿಗೆ." ಎರಡನೆಯದರ ಮಾಡು ಹಿಂದಕ್ಕೆ ಇಳಿದಿತ್ತು. "ದಾರಿಯುದ್ದಕ್ಕೂ ತಲೆ ತಗ್ಗಿಸಿಕೊಂಡಿರೋಕೆ ಅವನೇನು ತಪ್ಪು ಮಾಡಿದಾನೆ?" ಮೂಲೆಯಲ್ಲೊಂದು ನಿಂತಿತ್ತು, ಬ್ರೆಡ್ಡಿನ ಡಬ್ಬಿಗೆ ಚಕ್ರ ಜೋಡಿಸಿದಂಥದ್ದು, ಯಾರೂ ತಿರುಗಿ ನೋಡದ್ದು. ಗಿಡ್ಡ ಮೈ, ನೆಟ್ಟಗಿನ ಬೆನ್ನು, ತಗ್ಗಿದ ಅಂಚು. ಹಿಂದಿನ ಸೀಟು ಮಡಚಿದರೆ ನೆಲ ಚಾಪೆ ಹಾಸಿದಂತೆ ಸಮ. ನೀವು ಪಕ್ಕಕ್ಕೆ ವಾಲಿ, ಒಂದು ಮಂಡಿ ಇಟ್ಟು, ಕೊಂಚ ಸುಧಾರಿಸಿಕೊಂಡು, ಇನ್ನೊಂದನ್ನು ಎಳೆದುಕೊಂಡಿರಿ. ಒಳಗೆ ಒಂದು ಸುತ್ತು ತಿರುಗಿ ಕಾಲು ಚಾಚಿದಿರಿ. "ಬಾಗಿಲು ಹಾಕಿ" ಎಂದಿರಿ.

ಹಾಕಿದೆ. ತುಂಬಿದ ಶೋರೂಮಿನಲ್ಲಿ ಹೆಣ್ಣು ಕೊಟ್ಟ ಅತ್ತೆಯನ್ನು ಡಿಕ್ಕಿಯಲ್ಲಿಟ್ಟು ಮುಚ್ಚಿದ ಅಳಿಯನನ್ನು ಜನ ಹೇಗೆ ನೋಡಿದರೆಂದು ನಿಮಗೆ ಕಾಣಿಸಿರಲಾರದು. ಮಧ್ಯವಯಸ್ಸಿನ ಒಬ್ಬರ ಕಣ್ಣಲ್ಲಂತೂ ಮೆಚ್ಚುಗೆಯೇ ಇತ್ತು. ಹಾಗೆಯೇ ಒಂದು ಸುತ್ತು ಹೊಡೆಸಿದಿರಿ. ರಸ್ತೆಯ ಉಬ್ಬು ಬಂದಾಗ "ಮೆಲ್ಲಗ್ರೀ, ಸೊಂಟ!" ಎಂದು ಕೂಗಿದ್ದು ಯಾರ ಸೊಂಟದ ಪರವಾಗಿ ಎಂದು ನನಗೆ ಇನ್ನೂ ತಿಳಿದಿಲ್ಲ. ಇಳಿದವರೇ, "ನೆಲ ಜಾರುತ್ತೆ, ರಬ್ಬರ್ ಮ್ಯಾಟು ಹಾಕ್ಸಿ. ಹಿಂದಕ್ಕೆ ಗಾಳಿ ಸಾಲ್ದು, ಕಿಟಕಿ ಬೆರಳಷ್ಟು ಬಿಡಿ. ಇದೇ ಇರ್ಲಿ" ಎಂದು ತೀರ್ಪು ಕೊಟ್ಟಿರಿ. ಕಾರು ಮನೆಗೆ ಬರುವ ಮೊದಲೇ ನೀವು ಭಾವನ ಮನೆಗೆ ಹೋಗುವ ಸರದಿ ಬಂತು. ಸೂಟ್‌ಕೇಸು ಮುಚ್ಚಿ ಹೊರಟಿರಿ.

ಈಗ ಕೇಳಿ. ಮ್ಯಾಟು ಹಾಕಿಸಿದ್ದೇವೆ, ಆಸ್ಪತ್ರೆ ಒಂದು ವಾರವೂ ತಪ್ಪಿಲ್ಲ. ಮೊದಮೊದಲು ಸಾಹೇಬನನ್ನು ಎತ್ತಿ ಹತ್ತಿಸುತ್ತಿದ್ದೆ. ನಿನ್ನೆ ತೋಳು ಚಾಚಿದರೆ ಅವನು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಪಕ್ಕಕ್ಕೆ ವಾಲಿದ, ಒಂದು ಕಾಲಿಟ್ಟ, ಕೊಂಚ ಸುಧಾರಿಸಿಕೊಂಡ, ಉಳಿದದ್ದನ್ನು ಎಳೆದುಕೊಂಡ. ಥೇಟ್ ನೀವೇ. ನಿಮ್ಮ ಮಗಳು ಅಳುತ್ತ ನಕ್ಕಳು. ಗುಮಾಸ್ತ ಹಿಂದೆಯೇ ಹಾರಿ ರುಜು ಹಾಕಿದ.

ಬರುವ ಭಾನುವಾರ ನಿಮ್ಮನ್ನು ಕರೆತರಲು ನಾನು, ಸಾಹೇಬ, ಗುಮಾಸ್ತ ಬರುತ್ತಿದ್ದೇವೆ. ಮುಂದಿನ ಸೀಟು ನಿಮ್ಮದು. ಒಂದೇ ತೊಂದರೆ: ಹಿಂದೆ ಸೂಟ್‌ಕೇಸಿಗೆ ಜಾಗವಿಲ್ಲ, ಅದನ್ನು ಭಾವನಿಗೇ ಕೊಟ್ಟುಬಿಡಿ. ಬಟ್ಟೆಗಳನ್ನು ಚೀಲಕ್ಕೆ ತುಂಬಿ ಕಾಲ ಬಳಿ ಇಟ್ಟುಕೊಳ್ಳಿ. ನಿಮ್ಮ ಮಗಳು ಬೀರುವಿನಲ್ಲಿ ಎರಡು ಖಾನೆ ಖಾಲಿ ಮಾಡಿ ಒರೆಸಿಟ್ಟಿದ್ದಾಳೆ. ಅವತ್ತು ನೀವು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ತಡವಾಯಿತು. ಇಲ್ಲ ಅತ್ತೆ, ಈ ಮನೇಲಿ ಸಾಗಹಾಕೋದಿಲ್ಲ.

ನಿಮ್ಮ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ, ಸ್ವಲ್ಪ ಆ ಬ್ರೆಡ್ಡಿನ ಡಬ್ಬಿಯ ಕ್ಲಚ್ಚಿನ ಮೇಲೂ ಇರಲಿ. ನಿಮ್ಮ ಮಂಡಿಗಳು ನೂರು ಕಾಲ ಬಾಳಲಿ.

ಇಂತಿ,
ನಿಮ್ಮನ್ನು ಡಿಕ್ಕಿಯಲ್ಲಿಟ್ಟು ಬಾಗಿಲು ಹಾಕಿದ, ಮರೆಯದೆ ತೆಗೆದೂ ಇದ್ದ,
ಅಳಿಯ