ವಿಮಾನದಿಂದ ಇಳಿದವನು

ಹೋಲ್ಟ್ಸ್‌ಬರ್ಗ್, ಇಂಡಿಯಾನಾ
ಮಾರ್ಚ್ ೨೪, ಸೋಮವಾರ

ಪ್ರೀತಿಯ ತಮ್ಮ ರಸೆಲ್‌ಗೆ,

ಹೇಗಿದ್ದೀಯ? ಮಂಡಿಯ ನೋವು ಕಡಿಮೆಯಾಯಿತೇ? ಆರೆಗನ್‌ನಲ್ಲಿ ಇನ್ನೂ ಮಳೆಯೇ ಇರಬೇಕು. ಥಂಡಿಗೆ ಆ ಮಂಡಿ ಬಿಗಿದುಕೊಳ್ಳುತ್ತದೆಂದು ನನಗೆ ಗೊತ್ತು. ಇಲ್ಲಿನ ಬಾಸ್ಕೆಟ್‌ಬಾಲ್ ಅಭಿಮಾನಿಗಳ ಕಾಟ ತಾಳಲಾರದೆ ನೀನು ಫೋನ್ ನಂಬರ್ ಬದಲಿಸಿದ್ದು ಸರಿಯೇ. ಆದರೆ ಹೊಸ ನಂಬರನ್ನು ನನಗೂ ಕೊಡಲಿಲ್ಲ. ಕೊಟ್ಟಿದ್ದರೆ ಯಾರಿಗಾದರೂ ಹೇಳಿಬಿಡುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲವೆಂದು ಖಂಡಿತವಾಗಿ ಹೇಳಲಾರೆ. ಅದಕ್ಕೇ ಈ ಕಾಗದ. ಅಮ್ಮ ಊಟ ಮಾಡುತ್ತಾಳೆ, ಓಡಾಡುತ್ತಾಳೆ. ಮರೆವು ಮಾತ್ರ ಹೆಚ್ಚಿದೆ.

ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಿಂದ ಕೋಚ್ ಹೇವರ್‌ಕ್ಯಾಂಪ್ ಅವರನ್ನು ತೆಗೆದುಹಾಕಿದ್ದು ನಿನಗೆ ತಿಳಿದೇ ಇದೆ. ಸೋಲುಗಳು ಶುರುವಾದಾಗಲೇ ಊರು ಬಿಟ್ಟು ಹೋಗಲೆಂದು ಅವರ ಅಂಗಳದಲ್ಲಿ ಯಾರೋ ‘ಮನೆ ಮಾರಾಟಕ್ಕಿದೆ’ ಎಂಬ ಫಲಕಗಳನ್ನು ನೆಟ್ಟಿದ್ದರು. ಈಗ ಅದು ನಿಜವಾಗಿದೆ. ಅಂದಿನಿಂದ ಊರಿನಲ್ಲಿ ಬೇರೆ ಮಾತೇ ಇಲ್ಲ, ಮುಂದಿನ ಕೋಚ್ ಯಾರು ಎನ್ನುವುದೊಂದೇ. ಮೊದಮೊದಲು ಐದಾರು ಹೆಸರುಗಳಿದ್ದವು, ಆಮೇಲೆ ಊರಿನ ಮಗನೆಂದು ನಿನ್ನದೊಂದೇ ಉಳಿಯಿತು. ಈ ಊರಿನ ಪದ್ಧತಿ ನೆನಪಿದೆಯಲ್ಲ, ಬೇಕಾದವನ ಮನೆಬಾಗಿಲಲ್ಲಿ ಹಳೆಯ ಚೆಂಡಿಡುವುದು? ಒಂದು ಬೆಳಿಗ್ಗೆ ನೋಡಿದರೆ ನಮ್ಮ ಜಗಲಿಯ ತುಂಬ ಚೆಂಡುಗಳು. ಬಣ್ಣ ಹೋದವು, ತೊಗಲು ಸವೆದವು. ಗಾಳಿ ಬೀಸಿದಾಗ ಅವು ಉರುಳಿ ಬಂದು ಬಾಗಿಲಿಗೆ ಮೆತ್ತಗೆ ತಾಕುತ್ತವೆ. ತಾಕಿದಾಗಲೆಲ್ಲ ಅಮ್ಮ ಕುರ್ಚಿಯಿಂದ ಎದ್ದು, “ರಸೆಲ್ ಬಂದ” ಎನ್ನುತ್ತಾಳೆ.

ಆಮೇಲೆ ಪರ್ಸಿಮನ್ ಹಣ್ಣಿನ ಸಂಗತಿ. ನಿನಗೆ ಅದೆಂದರೆ ಪ್ರಾಣವೆಂದು ಊರಿಗೆಲ್ಲ ಗೊತ್ತಲ್ಲ. ಅಮ್ಮ ಆಸೆಪಟ್ಟಳೆಂದು ಪುಡಿಂಗ್ ಮಾಡಲು ಅದರ ತಿರುಳನ್ನು ಕೊಂಡೆ. ಅಂಗಡಿಯ ಲವರ್ನ್ ಡಬ್ಬಿ ಹಿಡಿದುಕೊಂಡು, “ಏನ್ ಕಾರ್ಲಾ, ಯಾರಿಗಿದು? ನಿಂಗಂತೂ ಪರ್ಸಿಮನ್ ಕಂಡ್ರೆ ಆಗಲ್ಲ” ಎಂದಳು. ಅಮ್ಮನಿಗೆ ಎಂದೆ. “ಹೌದೌದು, ಅಮ್ಮನಿಗೇ. ನಾನೇನಾದ್ರೂ ಬೇರೆ ಹೆಸರು ಹೇಳಿದ್ನಾ?” ಎಂದು ಕಣ್ಣು ಹೊಡೆದಳು. ಸಂಜೆ ರೇಡಿಯೊದ ಕ್ರೀಡಾ ಕಾರ್ಯಕ್ರಮಕ್ಕೆ ಫೋನ್ ಮಾಡಿದವನೊಬ್ಬ, “ಅವನಕ್ಕ ಪರ್ಸಿಮನ್ ತಗೊಂಡಿದ್ದಾಳೆ ಕಣ್ರೀ. ಇನ್ನೇನ್ ಬೇಕು?” ಎಂದ. ಮರುದಿನ ನಾನು ನಿನ್ನ ಹಾಸಿಗೆಗೆ ಒಗೆದ ಹೊದಿಕೆ ಹಾಸಿದೆ. ಅಮ್ಮ ಹೇಳಿದ್ದಕ್ಕೋ, ರೇಡಿಯೊದವನು ಹೇಳಿದ್ದಕ್ಕೋ, ಈಗಲೂ ನನಗೆ ತಿಳಿಯದು.

ಪಕ್ಕದ ಮನೆಯ ಹ್ಯೂಬರ್ಟ್ ಫೋನಿನಲ್ಲಿ ವಿಮಾನಗಳ ಜಾಡು ಹಿಡಿದು ಕೂತಿರುತ್ತಾನೆ. ಶನಿವಾರ ನಿಮ್ಮ ಕಡೆಯಿಂದ ಸಣ್ಣದೊಂದು ಖಾಸಗಿ ವಿಮಾನ ಇತ್ತ ಹೊರಟಿತ್ತು. “ಅವನೇ ಇದಾನೆ ಅದರಲ್ಲಿ. ಸಾಕು ಕಾರ್ಲಾ ನಿನ್ನ ನಾಟಕ” ಎಂದು ಬೇಲಿಯಾಚೆಯಿಂದ ಕೂಗಿ ಹೋದ. ಊರಿಗೆ ಊರೇ ವಿಮಾನ ನಿಲ್ದಾಣಕ್ಕೆ ಹೋಯಿತು. ನಾನು ಹೋಗಲಿಲ್ಲ. ಮಧ್ಯಾಹ್ನ ಕಾರುಗಳ ಸಾಲು ನಮ್ಮ ಬೀದಿಗೆ ಬಂತು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಮೊದಲ ಕಾರಿನಿಂದ ಒಬ್ಬ ಇಳಿದ. ನಿನ್ನಷ್ಟೇ ಎತ್ತರ, ನಿನ್ನ ಹಾಗೆಯೇ ಮುಂದಲೆ ಬೋಳು. ನೀನಲ್ಲ. ಆದರೆ ಊರವರು ಇಷ್ಟು ವರ್ಷ ನಿನ್ನನ್ನು ಕಂಡಿರುವುದು ಟಿವಿಯಲ್ಲಿ, ಬೇರೆ ತಂಡದ ಸಹಾಯಕ ಕೋಚ್ ಆಗಿ, ಬೆಂಚಿನ ತುದಿಯಲ್ಲಿ.

ಅಷ್ಟರಲ್ಲಿ ಅಮ್ಮ ಚೆಂಡುಗಳ ನಡುವೆ ದಾರಿ ಮಾಡಿಕೊಂಡು ಇಳಿದುಹೋಗಿ ಅವನ ಕೆನ್ನೆ ಹಿಡಿದು, “ಎಷ್ಟು ಸೊರಗಿದೀಯೋ” ಎಂದಳು. ಬೀದಿಯಲ್ಲಿದ್ದವರೆಲ್ಲ ಟೋಪಿ ತೆಗೆದರು. ಇವನು ನನ್ನ ತಮ್ಮನಲ್ಲ ಎಂದು ನಾನು ಹೇಳಬೇಕಿತ್ತು. ಅಮ್ಮ ಅಷ್ಟು ನೆಟ್ಟಗೆ ನಿಂತದ್ದನ್ನು ಕಂಡು ಬಹಳ ಕಾಲವಾಗಿತ್ತು. “ಒಳಗೆ ಬಾ” ಎಂದುಬಿಟ್ಟೆ.

ಅವನು ಬಿತ್ತನೆ ಬೀಜದ ಕಂಪನಿಯವನಂತೆ. ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಹೇಳಿದ: “ನಾನವನಲ್ಲ ಅಂತ ಎರಡು ಸಲ ಹೇಳ್ದೆ ಮೇಡಂ. ಗುಟ್ಟು ಗುಟ್ಟಾಗೇ ಇರ್ಲಿ ಬಿಡಿ ಅಂತ ನಕ್ಕರು. ಎಲ್ಲರೂ ನನ್ನ ಕೈ ಮುಟ್ತಾ ಇದ್ರು. ಮೂರನೇ ಸಲ ಹೇಳೋಕೆ ನಾಲಿಗೆ ಏಳ್ಲಿಲ್ಲ.” ಅಮ್ಮ ಬಡಿಸಿದ ಪುಡಿಂಗ್ ತಿಂದ. ನೀನು ತಿನ್ನುವ ಹಾಗೆಯೇ ಅಂಚಿನ ಗಟ್ಟಿ ಭಾಗವನ್ನು ಕೊನೆಗೆ ಉಳಿಸಿಕೊಂಡ. ಎಷ್ಟೋ ಜನ ಹಾಗೆ ತಿನ್ನುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಹೊರಡುವಾಗ ಒಂದು ಕಾಲನ್ನು ತುಸು ಎಳೆದು ನಡೆದಂತೆ ಕಂಡಿತು. ಬಂದಾಗ ಹಾಗಿರಲಿಲ್ಲವೆಂದೇ ನನ್ನ ನೆನಪು.

ಕಾಲೇಜಿನವರು ನಿಜವಾಗಿ ನಿನ್ನನ್ನು ಕೇಳಿದ್ದಾರೋ ಇಲ್ಲವೋ, ನಾನು ವಿಚಾರಿಸುವುದಿಲ್ಲ. ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸು. ಮಂಡಿಗೆ ಶಾಖ ಕೊಡುವುದನ್ನು ಬಿಡಬೇಡ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಕಾರ್ಲಾ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ತುರ್ತು ಅಂಚೆಯಲ್ಲಿ ಕಳಿಸುತ್ತೇನೆ. ಈ ಭಾನುವಾರ ಅವನು ಮತ್ತೆ ಬರುತ್ತಾನೆ. ಅಮ್ಮ ಕರೆದಿದ್ದಾಳೆ, ನಾನು ಬೇಡವೆನ್ನಲಿಲ್ಲ. ಈಗ ಗೋಡೆಯ ಮೇಲಿನ ನಿನ್ನ ಫೋಟೊ ಒರೆಸುತ್ತಿದ್ದಾಗ ಅಮ್ಮ, “ಅದ್ಯಾರದು?” ಎಂದಳು. ರಸೆಲ್ ಎಂದೆ. ನಕ್ಕುಬಿಟ್ಟಳು. “ಸುಮ್ನಿರೇ, ರಸೆಲ್ ಮೊನ್ನೆ ತಾನೆ ಬಂದಿದ್ದ. ಇವನನ್ನ ನಾನು ನೋಡೇ ಇಲ್ಲ.” ನಾನು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಕ್ಷಣ ನನಗೂ ಗುರುತು ಹತ್ತಲಿಲ್ಲ. ಕೆಲಸ ಸಿಗಲಿ ಬಿಡಲಿ, ಅವನಿಗಿಂತ ಮೊದಲು ಬಾ.