ಅಣ್ಣನ ಒಂದು ಆಕಾರ

ಓಲ್ಡ್ ಟೌನ್, ಭದ್ರಾವತಿ
9-9-1997

ಅತ್ತಿಗೆಗೆ ರಶ್ಮಿಯ ಶರಣು.

ಶಂಕರಘಟ್ಟದ ಹಾಸ್ಟೆಲಿಂದ ಗೆಳತಿ ಧನಲಕ್ಷ್ಮಿಯ ಮನೆಗೆ ಬಂದಿದ್ದೀನಿ. ಇವಳು ಮನೆಯ ಕಂಪ್ಯೂಟರಿನಲ್ಲೇ ಸಂಗೀತ ಕಟ್ತಾಳೆ. ವಾದ್ಯ ಒಂದೂ ಇಲ್ಲ. ಸ್ವರಗಳನ್ನು ಅಕ್ಷರ, ಅಂಕಿಗಳಲ್ಲಿ ಟೈಪ್ ಮಾಡಿದರೆ ಅವು ಪರದೆಯ ಮೇಲೆ ಸಾಲಾಗಿ ಸರಿಯುತ್ತಾ ನುಡೀತವೆ. ಫಿನ್ಲೆಂಡಿನಲ್ಲಿ ಇಂಥದ್ದಕ್ಕೇ ಒಂದು ಸ್ಪರ್ಧೆ ಇದೆಯಂತೆ. ಅದಕ್ಕೆಂದು ಇಬ್ಬರೂ ಸೇರಿ ಒಂದು ಹಾಡು ಕಟ್ಟಿದೆವು.

ಅಣ್ಣ ಹಾಡಿದ್ದ ಹಳೇ ಕ್ಯಾಸೆಟ್ಟಿನಿಂದ 'ಆ' ಅಂತ ಎಳೆಯೋ ಒಂದೇ ಒಂದು ಆಕಾರ ತೆಗೆದು ನಿನ್ನೆ ಅದಕ್ಕೆ ಸೇರಿಸಿದೆವು. ಕೆಳಗಿನ ಸ್ವರಕ್ಕೆ ಇಳಿಸಿದಾಗ ದನಿ ನಿಧಾನವಾಯಿತು, ಭಾರವಾಯಿತು, ವಯಸ್ಸಾದವರ ದನಿಯಾಯಿತು. ಮೂವತ್ತೆರಡಕ್ಕೇ ತೀರಿಹೋದ ನಮ್ಮಣ್ಣ ಎಪ್ಪತ್ತರ ಮುದುಕನಾಗಿ ಹಾಡಿದ ಹಾಗಿತ್ತು ಅತ್ತಿಗೆ. ನನಗೆ ಅಲ್ಲಿ ಕೂರೋಕಾಗಲಿಲ್ಲ.

"ಇದೇ ಇರಲಿ ಮಾರಾಯ್ತಿ, ಎಷ್ಟು ಚೆನ್ನಾಗಿದೆ" ಅಂದಳು ಧನಲಕ್ಷ್ಮಿ.

"ನಮ್ಮತ್ತಿಗೆ ಕೇಳೋ ಮೊದಲು ಪರದೇಶದವರು ಕೇಳೋದು ಬೇಡ ಕಣೆ" ಅಂದೆ.

ಅವಳು ಆ ಜಾಗಕ್ಕೆ ಕೊಳಲಿನ ಸದ್ದು ಹಾಕಿದಳು. ಇವತ್ತು ಬೆಳಿಗ್ಗೆ ಅದನ್ನೇ ಪೋಸ್ಟ್ ಮಾಡಿ ಬಂದೆವು. ಅಣ್ಣನ ದನಿ ಬೇರೆ ಫ್ಲಾಪಿಯಲ್ಲಿದೆ. ಭಾನುವಾರ ನೀವೊಬ್ಬರೇ ದುರ್ಗಿಗುಡಿಯ ಮನೆಯಿಂದ ಹೊರಟು ಇಲ್ಲಿಗೆ ಬನ್ನಿ, ಒಂದು ಸಲ ಕೇಳಿ. ಆಮೇಲೆ ಇಟ್ಟುಕೊಳ್ಳೋದೋ ಅಳಿಸೋದೋ, ನೀವು ಹೇಳಿದ ಹಾಗೆ.

ನನ್ನ ಕೆಮ್ಮು ವಾಸಿಯಾಗಿದೆ, ಮಾತ್ರೆ ನಿಲ್ಲಿಸಿದ್ದೀನಿ. ಕಾರ್ಡಿನಲ್ಲಿ ಜಾಗ ಮುಗೀತು. ಅಮ್ಮನಿಗೆ ಓದಿ ಹೇಳುವಾಗ ಕೆಮ್ಮಿನ ವಿಷಯ ಮಾತ್ರ ಓದಿ.

ನಿಮ್ಮ ರಶ್ಮಿ