ಸೂಜಿಗೆ ತೋಳು ಚಾಚಿದವಳು

ಲೋಲಾ, ನನ್ನ ಮುದ್ದು ಅಜ್ಜೀ,

ನೀನು ಹೋಗಿ ಮೂರು ವರ್ಷ. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಹೇಳದೆ ಇರಲಾರೆ! ನನಗೆ ಮದುವೆಯಾಗಿ ಹನ್ನೆರಡು ದಿನ! ಗಂಡ ಆರ್ನೆಲ್, ನೀನು ಬಟ್ಟೆ ಒಗೆಯುತ್ತಿದ್ದ ನರ್ಸಿಂಗ್ ಕಾಲೇಜಿನಲ್ಲೇ ಮೇಷ್ಟ್ರು. ಎಷ್ಟು ಚೆಂದ ನಗುತ್ತಾನೆ ಗೊತ್ತಾ!

ಇವತ್ತು ಕಾಲೇಜಿನ ಐವತ್ತನೇ ವರ್ಷದ ಹಬ್ಬ. ಅವನೇ ಅದರ ಚರಿತ್ರೆ ಓದಿದ: ಇಲೋಇಲೋ ಪೇಟೆಯ ಅಕ್ಕಿ ಅಂಗಡಿಯ ಮಹಡಿ, ಹನ್ನೊಂದು ಹುಡುಗಿಯರು, ಎರಡೇ ಮಂಚ. "ಸೂಜಿ ಚುಚ್ಚಿ ಕಲಿಯಲು ಆಗ ಗೊಂಬೆಯೂ ಇರಲಿಲ್ಲ" ಎಂದಾಗ, ಮೊದಲ ತಂಡದ ಪುರಾ ಮೇಡಂ ಎದ್ದು ಕೋಲು ಕುಟ್ಟಿದರು.

"ಗೊಂಬೆ ಯಾಕೋ? ನಮಗೆ ಸಾಲಿಂಗ್ ಇದ್ಳು! ಸೋಪಿನ ಕೈ ಒರೆಸ್ಕೊಂಡು ಬಂದು ತೋಳು ಚಾಚೋಳು. ನಾನು ಏಳು ಸಲ ತಪ್ಪಿದೆ. 'ಅಳ್ಬೇಡ್ವೇ, ಇನ್ನೊಂದ್ ತೋಳಿದೆಯಲ್ಲ' ಅಂದ್ಳು. ಅವಳ ಹೆಸರಿಲ್ದೆ ಅದೆಂಥಾ ಚರಿತ್ರೆ? ಅವಳ ಕಡೆಯೋರು ಯಾರಾದ್ರೂ ಇದ್ದೀರಾ?"

ಸಾಲಿಂಗ್! ನನಗೆ ಬರೀ ಲೋಲಾ, ಬರೀ ಅಜ್ಜಿಯಾಗಿದ್ದ ನಿನ್ನ ಹೆಸರು! ನನ್ನ ಪಕ್ಕದಲ್ಲೇ ಅತ್ತೆ ಕೂತಿದ್ದರು. ನನ್ನ ಅಜ್ಜಿ ಶಾಲೆಯ ಟೀಚರ್ ಆಗಿದ್ದರೆಂದು ಅವರಿಗೂ ಆರ್ನೆಲ್‌ಗೂ ಹೇಳಿದ್ದವಳು ನಾನೇ. ಆದರೂ ಎದ್ದೆ.

"ನಾನು ಸಾಲಿಂಗ್ ಮೊಮ್ಮಗಳು."

ಮುದುಕಿಯರೆಲ್ಲ ಬಂದು ನನ್ನ ತೋಳು ಸವರಿ, "ನರ ನೋಡ್ರೇ, ಥೇಟ್ ಅವಳದ್ದೇ!" ಎಂದು ನಕ್ಕರು. ಆರ್ನೆಲ್ ಪೆನ್ನು ತೆಗೆದು ನಿನ್ನ ಪೂರ್ತಿ ಹೆಸರು ಕೇಳಿದ. ಅತ್ತೆ ನನ್ನ ಕೈ ಹಿಡಿದು, "ಇಂಥೋರನ್ನ ಮುಚ್ಚಿಡ್ತಾರೇನೇ, ಹುಚ್ಚಿ?" ಎಂದರು.

ಲೋಲಾ, ನಿನ್ನ ತೋಳಿನ ಕಪ್ಪು ಚುಕ್ಕೆಗಳು ಏನೆಂದು ನಾನು ಒಮ್ಮೆಯೂ ಕೇಳಲಿಲ್ಲ. ನಾನು ಓದುತ್ತಿದ್ದ ಕಾನ್ವೆಂಟಿನ ಗೇಟಿಗೆ ಬರುವಾಗ ಉದ್ದ ತೋಳಿನ ಅಂಗಿ ಹಾಕಿಕೊಂಡು ಬಾ ಎಂದಷ್ಟೇ ಹೇಳಿದ್ದೆ. ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲೂ ನೀನು ಹಾಗೆಯೇ ಬರುತ್ತಿದ್ದೆ.

ನಿನ್ನ ಜೆನೆಲಿನ್